ಖಾಲಿ ಸೀಸೆಯ ಚುಕ್ಕೆ

ಹನ್ನೊಂದಕ್ಕೆ ಬರುತ್ತೇನೆ ಸರ್ ಅಂದಿದ್ದಳು ಹುಡುಗಿ. ಹತ್ತೂವರೆಗೇ ಅವನು ಬಾಗಿಲ ಕಡೆ ನೋಡುವುದಕ್ಕೆ ಶುರುಮಾಡಿದ್ದ. ಮೇಜಿನ ಮೇಲೆ ಅವಳು ನಿನ್ನೆ ಇಟ್ಟುಹೋದ ಕಾಗದ ಹಾಗೇ ಇತ್ತು: ವೈಯಕ್ತಿಕ ಕಾರಣಗಳಿಂದ ಸಂಶೋಧನೆಯನ್ನು ಕೈಬಿಡುತ್ತಿದ್ದೇನೆ, ದಯವಿಟ್ಟು ನನ್ನ ಹೆಸರನ್ನು ತೆಗೆದುಹಾಕಬೇಕು, ಇತ್ಯಾದಿ. ಕೆಳಗೆ ಎಡಗಡೆ ಅವಳ ಸಹಿ, ಬಲಗಡೆ ಮಾರ್ಗದರ್ಶಕರ ಸಹಿಗೆ ಒಂದು ಗೆರೆ. ಆ ಗೆರೆಯ ಮೇಲೆ ತನ್ನ ಹೆಸರು ಗೀಚಿದರೆ ಮುಗಿಯಿತು, ಎರಡು ವರ್ಷದ ಪೀಡೆ ಕಳೆಯಿತು, ಅವಳ ಪಾಡಿಗೆ ಅವಳು, ತನ್ನ ಪಾಡಿಗೆ ತಾನು. ಇಷ್ಟು ಸುಲಭದ ಕೆಲಸಕ್ಕೆ ಬೆಳಿಗ್ಗೆಯಿಂದ ಏನೆಲ್ಲ ಆಟ! ಕನ್ನಡಕ ನಾಲ್ಕು ಸಲ ಒರೆಸಿದ್ದಾಯಿತು. ಕಿಟಕಿ ತೆಗೆದದ್ದಾಯಿತು, ಮುಚ್ಚಿದ್ದಾಯಿತು. ಮನೆಯಲ್ಲಿ ಹಲ್ಲುಜ್ಜುವ ಪೇಸ್ಟನ್ನು ಗಡ್ಡಕ್ಕೆ ಬಳಿದುಕೊಂಡು ನಿಂತಿದ್ದಾಗ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, "ಏನ್ರೀ, ಯಾರ ಧ್ಯಾನ ಇದು ಬೆಳ್ಬೆಳಗ್ಗೆ?" ಅಂತ ನಕ್ಕಿದ್ದಳು. ಅವನೂ ನಕ್ಕಿದ್ದ. ಅವಳು ಹೋದಮೇಲೂ ಆ ನಗು ಕನ್ನಡಿಯಲ್ಲಿ ತನ್ನ ಮುಖದ ಮೇಲೇ ಉಳಿದುಕೊಂಡಿದ್ದು ಕಂಡು ಅಸಹ್ಯವಾಗಿ, ಎರಡೆರಡು ಸಲ ಮುಖ ತೊಳೆದುಕೊಂಡಿದ್ದ.

ಹುಡುಗಿಯ ತಪ್ಪಾದರೂ ಏನು? ಗುಡ್ಡದ ಇಳಿಜಾರಿನಲ್ಲಿ ಬೆಳೆಯುವ ಒಂದು ಪುಟ್ಟ ಗಿಡ. ಅದರ ತುಣುಕುಗಳನ್ನು ಸೀಸೆಯಲ್ಲಿ ಬೆಳೆಸಿ, ಟೈರೋಸಿನ್ ಎಂಬ ಅಮೈನೋ ಆಮ್ಲ ಉಣಿಸಿ, ಗಿಡ ಅದನ್ನು ಟೈರೋಸಾಲ್ ಮಾಡುತ್ತದೋ ಇಲ್ಲವೋ ನೋಡಬೇಕು, ಅಷ್ಟೇ. ಟೈರೋಸಾಲ್ ಅಂದರೆ ಮಹಾ ಏನಲ್ಲ. ಒಂದು ಉಂಗುರ, ಉಂಗುರದ ಒಂದು ಕಡೆ ಫೀನಾಲಿನ ಕೈ, ಇನ್ನೊಂದು ಕಡೆ ಆಲ್ಕೋಹಾಲಿನ ಬಾಲ. ಆಲಿವ್ ಎಣ್ಣೆಯಲ್ಲಿದೆ, ವೈನಿನಲ್ಲಿದೆ. ಆಲಿವ್‌ನಲ್ಲಿ ಅದನ್ನು ಮರವೇ ಮಾಡುತ್ತದೆ, ವೈನಿನಲ್ಲಿ ಯೀಸ್ಟು ಮಾಡುತ್ತದೆ. ಯೀಸ್ಟಿಗೆ ಟೈರೋಸಿನ್ ಸಿಕ್ಕಿತೆನ್ನಿ, ಮೊದಲು ಅದರ ಸಾರಜನಕ ಕಿತ್ತುಕೊಂಡು ತಿನ್ನುತ್ತದೆ; ಮಿಕ್ಕಿದ್ದರಿಂದ ಇಂಗಾಲದ ಡೈಆಕ್ಸೈಡು ಹೊರಟುಹೋಗುತ್ತದೆ; ಕೊನೆಗೆ ಉಳಿದ ಆಲ್ಡಿಹೈಡನ್ನು ಆಲ್ಕೋಹಾಲು ಮಾಡಿ ಆಚೆಗೆಸೆಯುತ್ತದೆ. ಅದರ ಪಾಲಿಗೆ ಅದು ಎಂಜಲು. ಗಿಡಗಳೂ ಹೆಚ್ಚುಕಮ್ಮಿ ಇಂಥದೇ ದಾರಿ ಹಿಡಿಯುತ್ತವೆ, ಹೆಜ್ಜೆಗಳು ಒಂದೆರಡು ಬೇರೆ. ಹಾಗಾಗಿ ಸೀಸೆಯಲ್ಲಿ ಟೈರೋಸಾಲ್ ಸಿಕ್ಕಿತು ಅಂದ ಮಾತ್ರಕ್ಕೆ ಅದು ಗಿಡದ್ದೋ, ಕಣ್ಣಿಗೆ ಕಾಣದೆ ಒಳಗೆ ನುಸುಳಿದ ಯೀಸ್ಟಿನದೋ ಹೇಳಲಿಕ್ಕಾಗುವುದಿಲ್ಲ. ಇದನ್ನು ಪ್ರತಿ ವರ್ಷ ಹೊಸ ಮಕ್ಕಳಿಗೆ ಧ್ವನಿ ಏರಿಸಿ ಪಾಠ ಮಾಡುವವನು ಅವನೇ. ಆ ಪುಟ್ಟ ಗಿಡ ಟೈರೋಸಾಲ್ ಮಾಡುತ್ತದೆ, ಅದೂ ಬೇರೆ ಯಾವ ಗಿಡವೂ ಹಿಡಿಯದ ದಾರಿಯಲ್ಲಿ ಮಾಡುತ್ತದೆ ಅಂತ ಇಪ್ಪತ್ತಾರು ವರ್ಷದ ಹಿಂದೆ ಹೆಜ್ಜೆಗೊಂದರಂತೆ ನಾಲ್ಕು ಬಾಣ ಬರೆದು ತೋರಿಸಿದವನೂ ಅವನೇ. ಆ ನಾಲ್ಕು ಬಾಣ ಒಂದು ಪಠ್ಯಪುಸ್ತಕದ ಮೂಲೆ ಸೇರಿದವು. ಅವನನ್ನು ಯಾವ ಸಭೆಗೆ ಕರೆದರೂ ಪರಿಚಯ ಮಾಡಿಕೊಡುವವರು ಆ ಬಾಣಗಳಿಂದಲೇ ಶುರುಮಾಡುತ್ತಿದ್ದರು. ಗಿಡ ಅಂಥ ಮುಖ್ಯದ್ದಲ್ಲವಾದ್ದರಿಂದ ಬೇರೆ ಯಾರೂ ಮತ್ತೆ ಮಾಡಿ ನೋಡುವ ಗೋಜಿಗೆ ಹೋಗಲಿಲ್ಲ. ಹುಡುಗಿ ಹೋದಳು.

ಮೂವತ್ತೊಂದು ಸಲ ಮಾಡಿದಳು. ಸೀಸೆಯ ರಸದ ಒಂದು ಹನಿಯನ್ನು ಬಿಳಿ ಪುಡಿ ಬಳಿದ ಗಾಜಿನ ತಟ್ಟೆಯ ಬುಡಕ್ಕಿಟ್ಟು ದ್ರಾವಣದಲ್ಲಿ ನಿಲ್ಲಿಸಿದರೆ, ಟೈರೋಸಾಲ್ ಇದ್ದ ಪಕ್ಷಕ್ಕೆ ನಡುವಿನಲ್ಲೊಂದು ಚುಕ್ಕೆ ಮೂಡಬೇಕು. ಮೂವತ್ತೊಂದು ಸಲವೂ ಮೂಡಲಿಲ್ಲ. ಮೊದಮೊದಲು ಅವನು ಸಮಾಧಾನ ಹೇಳಿದ. ಆಮೇಲೆ ನಿಟ್ಟುಸಿರು ಬಿಟ್ಟ. ಆಮೇಲೊಂದು ದಿನ, ಉಳಿದ ಆರು ಜನ ವಿದ್ಯಾರ್ಥಿಗಳ ಎದುರಿಗೆ, "ಕೈಗುಣ ಅಂತ ಒಂದಿರುತ್ತೆ ಕಣಮ್ಮಾ. ನಿನ್ನ ಕೈಗೆ ಇದು ಆಗಿಬರಲ್ಲ ಅಂತ ಕಾಣುತ್ತೆ," ಅಂದ. ಎಲ್ಲ ನಕ್ಕರು. ಅವಳೂ ನಕ್ಕಳು, ಕಿವಿಯ ತುದಿ ಕೆಂಪಗಾಗಿತ್ತು. ಆ ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತ ಅವನಿಗೆ ಅವತ್ತು ಒಂದು ಕ್ಷಣ ಹೆಮ್ಮೆಯೇ ಆಗಿತ್ತು, ಥೂ. ಯಾಕೆಂದರೆ ಅವನಿಗೆ ಗೊತ್ತಿತ್ತು. ಅವಳು ಮೊದಲನೇ ವಾರ ಕೆಲಸ ಮಾಡುವಾಗಲೇ ಹಿಂದೆ ನಿಂತು ನೋಡಿದ್ದ. ಗಿಡದ ತುಣುಕು ಎತ್ತುವ ಚಿಮಟವನ್ನು ಅವಳು ಸ್ಪಿರಿಟ್ಟಿನಲ್ಲಿ ಅದ್ದುತ್ತಿದ್ದಳು, ಅದ್ದಿ ಉರಿಗೆ ಹಿಡಿಯುತ್ತಿದ್ದಳು, ಪೂರ್ತಿ ಉರಿದು ಆರುವ ತನಕ ಕಾಯುತ್ತಿದ್ದಳು. ಪ್ರತಿ ತುಣುಕಿಗೂ, ಪ್ರತಿ ಸೀಸೆಗೂ. ಆ ವಯಸ್ಸಿನಲ್ಲಿ ಅವನು ಚಿಮಟವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒದರಿ ಹಾಗೇ ಮುಟ್ಟಿಸಿಬಿಡುತ್ತಿದ್ದ, ಅವಸರ. ಅವಳ ತಪ್ಪು ಇದೊಂದೇ, ಕೆಲಸ ಚೊಕ್ಕ ಮಾಡುತ್ತಿದ್ದಳು. ಚೊಕ್ಕ ಮಾಡಿದರೆ ಆ ಚುಕ್ಕೆ ಬರುವುದಿಲ್ಲ. ಚುಕ್ಕೆ ಗಿಡದ್ದಲ್ಲ.

ಇಪ್ಪತ್ತಾರು ವರ್ಷದ ಹಿಂದೆ, ಅವತ್ತು ಅವನು ಮೂರು ಬಗೆಯ ಸೀಸೆ ಇಟ್ಟಿದ್ದ. ಗಿಡ ಮತ್ತು ಟೈರೋಸಿನ್ ಇದ್ದವು, ಗಿಡ ಮಾತ್ರ ಇದ್ದವು, ಮತ್ತೆ ಗಿಡವಿಲ್ಲದ ಒಂದು, ಬರೀ ಪೋಷಕ ರಸ ಮತ್ತು ಟೈರೋಸಿನ್. ಅದನ್ನು ಖಾಲಿ ಸೀಸೆ ಅನ್ನುತ್ತಿದ್ದರು. ಗಿಡ ಹಾಕದಿದ್ದರೂ ಅದಕ್ಕೂ ಚಿಮಟ ಮುಟ್ಟಿಸಬೇಕು, ಉಳಿದದ್ದಕ್ಕೆ ಏನೇನು ಮಾಡಿದೆಯೋ ಅದಕ್ಕೂ ಅದನ್ನೇ ಮಾಡಬೇಕು, ಅದು ಪದ್ಧತಿ. ಆರನೇ ದಿನ ಖಾಲಿ ಸೀಸೆ ಬೆಳಕಿಗೆ ಹಿಡಿದರೆ ಸಣ್ಣಗೆ ಮಬ್ಬು. ಮೂತಿಯ ಹತ್ತಿರ ಮೂಗು ಹಿಡಿದರೆ ಹುದುಗಿದ ಹಿಟ್ಟಿನ ವಾಸನೆ. ತಟ್ಟೆಯ ಮೇಲೆ ಚುಕ್ಕೆ ಮೂಡಿತು, ಗಿಡದ ಸೀಸೆಗಳಲ್ಲಿ ಮೂಡಿದ ಜಾಗದಲ್ಲೇ, ಅಷ್ಟೇ ದಪ್ಪ. ಮಬ್ಬು ರಸವನ್ನು ತೊಟ್ಟಿಗೆ ಸುರಿದು ನೀರು ಬಿಟ್ಟ. ತಟ್ಟೆಯನ್ನು ಮಾತ್ರ ಎಸೆಯಲಾಗಲಿಲ್ಲ, ಗುರುಗಳು ಆಗಲೇ ಬಾಗಿಲಲ್ಲಿದ್ದರು. ಅವರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ದೊಡ್ಡವರು ತಟ್ಟೆ ಎತ್ತಿ ನೋಡಿ, "ಖಾಲಿದ್ರಲ್ಲೂ ಬಂದಿದೆಯಲ್ಲಯ್ಯಾ?" ಅಂದರು. ಪಕ್ಕದ ಕೋಣೆಯಲ್ಲಿ ಗಾಜು ತೊಳೆಯುವ ಸದ್ದು ಕೇಳುತ್ತಿತ್ತು. ಕೇಳುತ್ತಿರದಿದ್ದರೆ ಬಹುಶಃ ಬೇರೇನಾದರೂ ಹೇಳುತ್ತಿದ್ದನೇನೋ. "ಸೀಸೆ ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ ಸರ್, ಹಳೇದು ಉಳ್ಕೊಂಡಿರಬೇಕು." ಅನ್ಸುತ್ತೆ ಅಂದೆನಲ್ಲ, ಖಂಡಿತ ಅನ್ನಲಿಲ್ಲವಲ್ಲ ಅಂತ ಎಷ್ಟೋ ವರ್ಷ ಆ ಒಂದು ಮಾತಿನ ಹಿಂದೆ ಅಡಗಿ ಕೂತಿದ್ದ. ಇಷ್ಟು ಓದಿದ ಮನುಷ್ಯ ಅಡಗಿಕೊಳ್ಳುವುದಕ್ಕೆ ಆರಿಸಿಕೊಂಡ ಜಾಗ ನೋಡಿ.

ದೊಡ್ಡವರು ಗಾಜು ತೊಳೆಯುವವಳನ್ನು ಕರೆಸಿದರು. ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ತೊಟ್ಟಿಯ ಮುಂದೆ ನಿಂತು ನಿಂತು ಸೆರಗೆಲ್ಲ ಒದ್ದೆ. ಎಲ್ಲರಿಗೂ ಸೀಸೆಯಕ್ಕ. ದೊಡ್ಡವರು ಬರಿದಾದ ಸೀಸೆಯನ್ನು ಅವಳ ಮುಖದ ಮುಂದೆ ಹಿಡಿದು, ಇದೇನು ತೊಳೆಯೋದಾ, ಇದಕ್ಕಾ ಸಂಬಳ, ಒಬ್ಬನ ವರ್ಷದ ಕೆಲಸ ಮಣ್ಣುಪಾಲು ಮಾಡಿದೆಯಲ್ಲ ಅಂತ ಕೂಗಾಡಿದರು. "ಮೂರು ನೀರು ಹಾಕಿದ್ದೆ ಸರ್," ಅಂದಳು. ಇನ್ನೊಂದು ಸಲ ಅಂದಳು, ಈ ಸಲ ಅವನ ಕಡೆ ನೋಡಿ. ಅವನು ನೋಟ್‌ಬುಕ್ಕಿನಲ್ಲಿ ತಾರೀಖು ಬರೆಯುತ್ತಿದ್ದ. ಅದೇ ತಾರೀಖನ್ನು ಎರಡು ಸಲ ಬರೆದ. ಸೋಮವಾರದಿಂದ ಅವಳ ಕೈಗೆ ಪೊರಕೆ ಬಂತು, ಕೆಳಗಿನ ಮಹಡಿಯ ಕಾರಿಡಾರು, ಮುಂದಿನ ಮೆಟ್ಟಿಲು, ಪಾಯಿಖಾನೆ. ಗಾಜು ಮುಟ್ಟದೆ ಇಪ್ಪತ್ತಾರು ವರ್ಷವಾದರೂ ಹೆಸರು ಮಾತ್ರ ಸೀಸೆಯಕ್ಕ ಅಂತಲೇ ಉಳಿಯಿತು. ಅವನ ನೆನಪು ಯಾವಾಗಲೂ ಆ ತಾರೀಖಿನ ಹತ್ತಿರ ಬಂದು ನಿಲ್ಲುತ್ತದೆ, ಅದರ ಹಿಂದಿನ ವಾರಕ್ಕೆ ಹೋಗುವುದಿಲ್ಲ. ಆಮೇಲೆ ಅವನು ಪ್ರಯೋಗ ಮತ್ತೆ ಮಾಡಿದ. ಈ ಸಲ ಉಳಿದೆಲ್ಲ ಸೀಸೆಗೂ ಅದೇ ಕಾಯಿಸದ ಚಿಮಟ ಮುಟ್ಟಿಸಿದ, ಖಾಲಿ ಸೀಸೆಗೆ ಮುಟ್ಟಿಸಲಿಲ್ಲ. ಸುಳ್ಳು ಬರೆದದ್ದಿಲ್ಲ, ಅಂಕಿ ತಿದ್ದಿದ್ದಿಲ್ಲ. ಕೈ ಒಂದು ಸಲ ಅಲ್ಲಿಯವರೆಗೆ ಹೋಗಿ ಹಿಂದಕ್ಕೆ ಬಂತು, ಅಷ್ಟೇ. ಖಾಲಿ ಸೀಸೆ ತಿಳಿಯಾಗಿ ಉಳಿಯಿತು, ತಟ್ಟೆಯಲ್ಲಿ ಚುಕ್ಕೆಯಿಲ್ಲ, ದೊಡ್ಡವರು ಬೆನ್ನು ತಟ್ಟಿದರು. ಅವತ್ತಿನಿಂದ ಅವನು ಕಟ್ಟಡದ ಹಿಂದಿನ ಮೆಟ್ಟಿಲು ಹಿಡಿದ. ಈ ವಯಸ್ಸಿನಲ್ಲೂ ಲಿಫ್ಟ್ ಬೇಡ ಅನ್ನುತ್ತಾರೆ, ಹಿಂದಿನಿಂದ ಸುತ್ತಿಕೊಂಡು ಹತ್ತಿಕೊಂಡೇ ಬರುತ್ತಾರೆ, ಏನು ಆರೋಗ್ಯದ ಕಾಳಜಿ ಅಂತ ಸಹೋದ್ಯೋಗಿಗಳು ಹೊಗಳುತ್ತಾರೆ. ಎಂದಾದರೂ ಎದುರಾದರೆ ಅವಳು ಪೊರಕೆ ಪಕ್ಕಕ್ಕಿಟ್ಟು "ನಮಸ್ಕಾರ ಸರ್" ಅನ್ನುತ್ತಾಳೆ. ಆ ನಮಸ್ಕಾರದಲ್ಲಿ ಕೊಂಕು ಇದೆ, ಎಲ್ಲ ಗೊತ್ತಿದ್ದೂ ಬೇಕಂತಲೇ ಅನ್ನುತ್ತಾಳೆ ಅಂತ ಅವನ ನಂಬಿಕೆ.

ಬಾಗಿಲು ತಟ್ಟಿದ ಸದ್ದಾಯಿತು. ಹುಡುಗಿ ಒಳಗೆ ಬಂದು ನಿಂತಳು, ಕೂತುಕೋ ಅಂದಮೇಲೆ ಕೂತಳು. ಕಾಗದದ ಮೇಲೆ ಸಹಿ ಇಲ್ಲದ್ದು ನೋಡಿದಳು.

"ಏನಾದ್ರೂ ತಪ್ಪು ಬರ್ದಿದ್ದೀನಾ ಸರ್?"

"ಇಲ್ಲ ಇಲ್ಲ." ಅವನು ಪೆನ್ನಿನ ಮುಚ್ಚಳ ತೆಗೆದ. "ಇನ್ನೊಂದು ಸಲ ಯೋಚನೆ ಮಾಡಿದ್ಯಾ?"

"ಮಾಡ್ದೆ ಸರ್. ಅಪ್ಪನಿಗೂ ಹೇಳ್ದೆ. ನನ್ ಕೈಲಾಗಲ್ಲ ಅಂತ ಹೇಳ್ದೆ." ತನ್ನ ಕೈಯನ್ನು ತಾನೇ ಬೇರೆ ಯಾರದೋ ಎಂಬಂತೆ ಮಗುಚಿ ನೋಡಿಕೊಂಡಳು. ಹೆಬ್ಬೆರಳಿನ ಹತ್ತಿರ ಉರಿ ತಗುಲಿ ಸುಟ್ಟ ಹಳೆಯ ಕಲೆಗಳಿದ್ದವು. "ನೀವು ಅವತ್ತು ಹೇಳಿದ್ದು ನಿಜ ಸರ್. ಕೈಗುಣ ಇರಬೇಕು. ಆಗ ಬೇಜಾರಾಯ್ತು, ಆದ್ರೆ ನಿಜ."

ಜಗಳವಾಡಿದ್ದರೆ ಸಹಿ ಹಾಕಿಬಿಡುತ್ತಿದ್ದ. ಅತ್ತಿದ್ದರೂ ಒಂದು ಲೋಟ ನೀರು ಕೊಟ್ಟು, ಬೆನ್ನಿಗೆ ಎರಡು ಒಳ್ಳೆಯ ಮಾತು ಕಟ್ಟಿ, ಸಹಿ ಹಾಕಿಬಿಡುತ್ತಿದ್ದ. ಅವಳು ಒಪ್ಪಿಕೊಂಡಳು. ಅವನು ಹೇಳಿದ್ದನ್ನು ಮನೆಗೆ ಕೊಂಡುಹೋಗಿ, ಅಪ್ಪನಿಗೂ ಕೊಟ್ಟು, ಇನ್ನು ಮೇಲೆ ತನ್ನದೇ ಅಂತ ಇಟ್ಟುಕೊಂಡುಬಿಟ್ಟಿದ್ದಳು. ಮುಂದೆ ಎಲ್ಲಿ ಏನು ಕೆಲಸ ಮಾಡಿದರೂ ಆ ಕೈಯನ್ನು ಹೀಗೇ ಮಗುಚಿ ನೋಡಿಕೊಳ್ಳುತ್ತಾಳೆ. ಇಷ್ಟು ಹೊತ್ತೂ ತಾನು ಹೆದರುತ್ತಿದ್ದದ್ದು ಬಾಣಗಳು ಅಳಿಸಿಹೋಗುತ್ತವೆ, ಹೆಸರು ಹೋಗುತ್ತದೆ, ಸಭೆಗಳಲ್ಲಿ ಜನ ಮುಸಿಮುಸಿ ನಗುತ್ತಾರೆ ಅಂತ. ಆ ಹೆದರಿಕೆ ಇನ್ನೂ ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ. ಆದರೂ ಬಾಯಿ ತೆರೆಯಿತು.

"ಚುಕ್ಕೆ ಬರಲ್ಲಮ್ಮ. ಯಾರು ಮಾಡಿದ್ರೂ ಬರಲ್ಲ. ಅದು ಯೀಸ್ಟು."

ಅವಳು ಅರ್ಥವಾಗದೆ ನೋಡಿದಳು. ಅವನು ಹೇಳಿದ. ಚಿಮಟ ಕಾಯಿಸದೇ ಇದ್ದದ್ದು, ಖಾಲಿ ಸೀಸೆ ಮಬ್ಬಾದದ್ದು, ಸುರಿದದ್ದು, ಸೀಸೆಯಕ್ಕನ ತಲೆ ಮೇಲೆ ಗೂಬೆ ಕೂರಿಸಿದ್ದು, ಎರಡನೇ ಸಲ ಕೈ ಹಿಂದಕ್ಕೆ ಬಂದದ್ದು. ಹೇಳುತ್ತಾ ಹೇಳುತ್ತಾ ತನ್ನ ದನಿ ಪಾಠದ ದನಿಯಾಗುತ್ತಿದೆ, ವಾಕ್ಯಗಳು ಅಚ್ಚುಕಟ್ಟಾಗಿ ಬರುತ್ತಿವೆ ಅನಿಸಿ ನಾಚಿಕೆಯಾಗಿ ನಡುವೆಯೇ ನಿಲ್ಲಿಸಿದ. ಅವಳು ಕಾಗದದ ಮೇಲಿನ ತನ್ನ ಸಹಿಯನ್ನೇ ನೋಡುತ್ತಾ,

"ಹಾಗಾದ್ರೆ ಮೂವತ್ತೊಂದು ಸಲಾನೂ ನಾನು ಮಾಡಿದ್ದು ಸರಿ ಇತ್ತಾ?"

"ಸರಿ ಇತ್ತು."

"ಎಲ್ಲಾನೂ?"

"ಎಲ್ಲಾನೂ."

"ನಿಮಗೆ ಮೊದ್ಲಿಂದ್ಲೂ ಗೊತ್ತಿತ್ತು." ಇದನ್ನು ಅವಳು ಕೇಳಲಿಲ್ಲ, ಹೇಳಿದಳು. ಅವನು ತಲೆ ತಗ್ಗಿಸಿದ. ನೀವು ದೊಡ್ಡ ಮನಸ್ಸು ಮಾಡಿ ಹೇಳಿದಿರಿ ಸರ್ ಅಂತ ಒಂದು ಮಾತು ಬರಬಹುದು ಅಂತ ಒಳಗೆಲ್ಲೋ ಒಂದು ಭಿಕಾರಿ ಆಸೆ ಕೈಚಾಚಿ ಕೂತಿತ್ತು. ಬರಲಿಲ್ಲ. ಅವಳು ಕಾಗದ ಎತ್ತಿಕೊಂಡಳು. ಹರಿಯಲಿಲ್ಲ, ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಇದನ್ನ ಬರೀತೀನಿ ಸರ್. ಬರಲ್ಲ ಅಂತಾನೇ ಬರೀತೀನಿ. ನೀವು ಕೆಳಗಡೆ ಹೆಸರು ಹಾಕ್ತೀರೋ ಇಲ್ವೋ ನಿಮಗೆ ಬಿಟ್ಟಿದ್ದು." ಎದ್ದು ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಸೀಸೆಯಕ್ಕ ಅಂದ್ರೆ ಕೆಳಗಡೆ ಗುಡಿಸ್ತಾರಲ್ಲ, ಅವರೇನಾ? ಅವರಿಗೆ ಹೇಳಿದ್ದೀರಾ?"

"ಇಲ್ಲ."

"ನನಗಿಂತ ಮೊದ್ಲು ಅವರಿಗೆ ಹೇಳ್ಬೇಕಿತ್ತು," ಅಂದಳು. ಬಾಗಿಲು ಮೆಲ್ಲಗೇ ಹಾಕಿಕೊಂಡು ಹೋದಳು.

ಮುಂದಿನ ಮೆಟ್ಟಿಲು ಅಷ್ಟು ಅಗಲವಾಗಿದೆ ಅನ್ನುವುದು ಅವನಿಗೆ ಮರೆತೇ ಹೋಗಿತ್ತು. ಇಳಿಯುವಾಗ ಎದುರಾದ ಒಬ್ಬ ಸಹೋದ್ಯೋಗಿ, "ಏನ್ ಸ್ವಾಮಿ, ಇವತ್ತು ಈ ಕಡೆಯಿಂದ!" ಅಂದ, ಇವನು ಹಲ್ಲು ಕಿರಿದ. ಮೆಟ್ಟಿಲ ಕೆಳಗೆ ಬಕೀಟು ಪೊರಕೆ ಇಡುವ ಕಿರುಕೋಣೆಯಲ್ಲಿ ಗುಡಿಸುವವರೆಲ್ಲ ಟೀ ಕುಡಿಯುತ್ತಿದ್ದರು, ಮೂವರು ಹೆಂಗಸರು, ಒಬ್ಬ ಕಾವಲುಗಾರ. ಸೀಸೆಯಕ್ಕ ಮಗುಚಿದ ಬಕೀಟಿನ ಮೇಲೆ ಕೂತಿದ್ದವಳು ಗಡಿಬಿಡಿಯಿಂದ ಎದ್ದಳು.

"ನಮಸ್ಕಾರ ಸರ್. ಏನು, ನಲ್ಲಿ ಸೋರ್ತಾ ಇದ್ಯಾ ಮೇಲೆ?"

"ಇಲ್ಲ ಅಕ್ಕ. ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು. ಈ ಕಡೆ ಬರ್ತೀರಾ?"

"ನನ್ ಹತ್ರಾನಾ? ಇಲ್ಲೇ ಹೇಳಿ ಸರ್, ಟೀ ಆರೋಗುತ್ತೆ. ಇವರೇನು ಹೊರಗಿನವರಾ?"

ಏಕಾಂತವಾದರೂ ಸಿಗುತ್ತದೆ ಅಂದುಕೊಂಡು ಬಂದಿದ್ದ, ಅದೂ ಸಿಗಲಿಲ್ಲ. ಟೀ ಲೋಟಗಳು ಅಲ್ಲಲ್ಲೇ ನಿಂತವು. ಈ ಸಲ ವಾಕ್ಯಗಳು ಅಚ್ಚುಕಟ್ಟಾಗಿ ಬರಲಿಲ್ಲ. ಬಹಳ ವರ್ಷದ ಹಿಂದೆ ಒಂದು ಸೀಸೆ, ದೊಡ್ಡವರು ನಿಮ್ಮನ್ನ ಬೈದರಲ್ಲ, ಅದು ನಿಮ್ಮ ತಪ್ಪಲ್ಲ, ಅದು ನಂದು, ನಾನು ನಿಮ್ಮ ಮೇಲೆ ಹಾಕಿದೆ, ಇಷ್ಟೇ ಬಂತು. ಹೇಳಿ ಮುಗಿಸಿ ಕಾದ. ಗೊತ್ತಿತ್ತು ಬಿಡಿ ಸರ್ ಅನ್ನುತ್ತಾಳೆ. ಈಗ ಬಂದಿರಾ ಅನ್ನುತ್ತಾಳೆ. ಉಗಿದರೂ ಉಗಿಯಲಿ.

ಅವಳು ಲೋಟವನ್ನು ಕೆಳಗಿಟ್ಟಳು. "ನನ್ ತಪ್ಪಲ್ವಾ?" ಅಂದಳು.

"ಅಲ್ಲ."

"ಅವತ್ತು ಮಗಳಿಗೆ ಜ್ವರ ಇತ್ತು ಸರ್, ಮನೆಯಲ್ಲಿ ಮಲಗಿಸಿ ಬಂದಿದ್ದೆ. ಮೂರು ನೀರು ಅಂತ ಬಾಯೇನೋ ಹೇಳ್ತು. ಆಮೇಲೆ ಕೂತು ಯೋಚನೆ ಮಾಡಿದ್ರೆ, ಮನಸ್ಸು ಇಲ್ಲಿರ್ಲಿಲ್ಲವಲ್ಲ, ಎರಡೇ ಹಾಕಿದ್ನೇನೋ ಅಂತ. ಓದಿದವರು ನೀವು, ನೋಡದೆ ಹೇಳ್ತೀರಾ ಅಂತ." ಅವಳು ಯಾರನ್ನೂ ನೋಡದೆ ಮಾತಾಡುತ್ತಿದ್ದಳು. "ಆವಾಗಿಂದ ಮನೇಲಿ ಒಂದು ಲೋಟ ತೊಳೆದ್ರೂ ಬೆಳಕಿಗೆ ಹಿಡಿದು ನೋಡ್ತೀನಿ ಸರ್. ಹುಚ್ಚು ಹಿಡಿದಂಗೆ. ನಂಬಿಕೆನೇ ಬರಲ್ಲ. ಮಗಳು ಚಿಕ್ಕವಳಿದ್ದಾಗ ಒಂದಿನ ಅವಳು ತೊಳೆದ ಲೋಟದ ತಳದಲ್ಲಿ ಹಾಲಿನ ಗೆರೆ ಇತ್ತು. ಹೊಡೆದುಬಿಟ್ಟೆ. ನನ್ ಥರಾ ಆಗ್ತೀಯಾ ಅಂತ ಹೊಡೆದೆ. ಏಳು ವರ್ಷ ಅವಳಿಗೆ."

ಇಪ್ಪತ್ತಾರು ವರ್ಷ ಅವನು ಹೆದರಿದ್ದು ಇವಳಿಗೆ ಗೊತ್ತಿದೆ ಅಂತ. ಇವಳಿಗೆ ಏನೇನೂ ಗೊತ್ತಿರಲಿಲ್ಲ. ಅವನನ್ನು ನಂಬಿದ್ದಳು. ಆ ನಮಸ್ಕಾರಗಳೆಲ್ಲ ಬರೀ ನಮಸ್ಕಾರಗಳು.

"ಹಾಗಾದ್ರೆ ನಾನು ಮೂರು ನೀರು ಹಾಕಿದ್ನಾ ಸರ್?"

"ಹಾಕಿದ್ರಿ."

"ನಿಮಗೆ ಹೆಂಗೆ ಗೊತ್ತು? ನೀವು ನೋಡಿದ್ರಾ?"

ಇಲ್ಲ ಅನ್ನಬಹುದಿತ್ತು, ಯಾರೂ ಹಿಡಿಯುತ್ತಿರಲಿಲ್ಲ. ಹುಡುಗಿಗೆ ಕೂಡ ಇದನ್ನು ಹೇಳಿರಲಿಲ್ಲ. "ನೋಡಿದ್ದೆ," ಅಂದ. "ಸೀಸೆ ಬೇಗ ಬೇಕು ಅಂತ ನಿಮ್ಮ ಹಿಂದೇನೇ ನಿಂತಿದ್ದೆ. ಸೋಪಿನದ್ದು ಒಂದು, ನಲ್ಲಿದು ಒಂದು, ಭಟ್ಟಿ ಇಳಿಸಿದ ನೀರು ಒಂದು. ನಾನೇ ಅವಸರ ಮಾಡಿದೆ, ಸಾಕು ಕೊಡಿ ಅಕ್ಕ ಅಂದೆ. ತಡೀರಿ ಸರ್, ಮೂರನೇದು ಇನ್ನೂ ಆಗಿಲ್ಲ ಅಂದ್ರಿ ನೀವು."

ಕಾವಲುಗಾರ "ಅಯ್ಯೋ" ಅಂತ ಸಣ್ಣಗೆ ಅಂದ. ಸೀಸೆಯಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಏನೋ ಹುಡುಕಿ ಒತ್ತಿದಳು. ಅವಳ ಬೆರಳ ತುದಿಗಳು ಬಿರಿದಿದ್ದವು. ಆ ಕಡೆ ರಿಂಗಾಗುವ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಫೋನನ್ನು ಅವನ ಕಡೆ ಚಾಚಿದಳು.

"ನನಗೆ ಹೇಳಿದ್ದು ಸಾಕು ಸರ್. ಅವಳಿಗೆ ಹೇಳಿ."

ಅವನು ತೆಗೆದುಕೊಂಡ. ಆ ಕಡೆಯಿಂದ "ಹಾಂ, ಹೇಳಮ್ಮಾ" ಅಂತ ಒಂದು ಹೆಣ್ಣು ದನಿ ಬಂತು, ಹಿಂದೆ ಎಲ್ಲೋ ಒಂದು ಮಗು ಕಿರುಚಿ ಆಡುತ್ತಿತ್ತು. ಇವನು ಉಸಿರಾಡಿದ್ದು ಕೇಳಿಸಿರಬೇಕು. "ಅಮ್ಮಾ? ಯಾರು ಇದು? ಯಾರು ಮಾತಾಡೋದು?"

ಕೋಣೆಯಲ್ಲಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

"ನಿಮ್ಮಮ್ಮನ ಮೇಲೆ ಸುಳ್ಳು ಹೇಳಿದವನಮ್ಮ," ಅಂದ.